ಎಲ್ಲಿಗೆ ಹೊರಟಿರಿ ಮಾಮ?

ಬೇಲೂರು
24-11-1958

ತೀರ್ಥರೂಪ ಸಮಾನರಾದ ಸಂಪತ್ಕುಮಾರ ಮಾಮನವರಿಗೆ ಗೋದಾ ಮಾಡುವ ನಮಸ್ಕಾರಗಳು.

ನಮಸ್ಕಾರ ಮುಗಿಯಿತು. ಇನ್ನು ಜಗಳ.

ನನ್ನ ನಿಶ್ಚಿತಾರ್ಥದ ದಿನ ನೀವೂ ಅತ್ತೆಯೂ ಬಸ್ಸಿಳಿದು ಮನೆಗೆ ಬರುವುದನ್ನು ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಬೀದಿಯ ಆ ತುದಿಯಲ್ಲಿ ಯಾರದೋ ಜಗಲಿಯ ಮೇಲೆ ಕೂತುಬಿಟ್ಟಿರಿ. ಅಪ್ಪ ಓಡಿಬಂದು ಕೇಳಿದರೆ "ಗೋಪುರ ನೋಡ್ತಾ ಇದೀನಿ ಭಾವ" ಎಂದಿರಿ. ಅಮ್ಮನ ಮದುವೆಯಾದಾಗಿನಿಂದ ನೋಡುತ್ತಿರುವ ಗೋಪುರದಲ್ಲಿ ಅವತ್ತು ಹೊಸದೇನಿತ್ತು? ಬಾಯಿ ತೆರೆದು ಉಸಿರೆಳೆಯುತ್ತ, ಎದೆಯ ಮೇಲೆ ಕೈ ಇಟ್ಟುಕೊಂಡು ಗೋಪುರ ನೋಡುವವರನ್ನು ನಾನು ಇದೇ ಮೊದಲು ಕಂಡದ್ದು.

ಅಡಿಗೆಮನೆಯಲ್ಲಿ ಅತ್ತೆ ಎಲ್ಲವನ್ನೂ ಹೇಳಿದರು. ಡಾಕ್ಟರ್ ನಂಜುಂಡಯ್ಯನವರು ಸಕ್ಕರೆ ಕಾಯಿಲೆ ಎಂದರಂತೆ, ರಕ್ತದ ಒತ್ತಡವೂ ಹೆಚ್ಚು ಎಂದರಂತೆ, ಬೆಳಿಗ್ಗೆ ಸಂಜೆ ತಪ್ಪದೆ ನಡೆಯಬೇಕು ಎಂದರಂತೆ. ನೀವು "ಆಗಲಿ ಡಾಕ್ಟ್ರೇ" ಎಂದು ಹೇಳಿ, ಅಲ್ಲಿಂದ ಜಟಕಾ ಹತ್ತಿ ಮನೆಗೆ ಬಂದಿರಂತೆ.

ಮದುವೆ ವೈಶಾಖದಲ್ಲಿ. ಮಾಲೆ ಬದಲಾಯಿಸುವ ಹೊತ್ತಿಗೆ ಹೆಣ್ಣನ್ನು ಎತ್ತಿಕೊಂಡು ಬರಬೇಕಾದವರು ಸೋದರಮಾವ. ನನಗಿರುವುದು ನೀವೊಬ್ಬರೇ. ಹೈಸ್ಕೂಲು ಓದಲು ನಿಮ್ಮ ಮನೆಯಲ್ಲಿದ್ದಾಗ ಎಷ್ಟು ಸಲ ಹೇಳಿದ್ದೀರಿ, "ನಿನ್ನ ಮದುವೇಲಿ ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ಕೊಂಡು ಹೋಗ್ತೀನಿ ಕಣೇ" ಎಂದು. ಅತ್ತೆಯ ಕೈಯ ಅಡಿಗೆ ಉಂಡಮೇಲೆ ನಾನು ಹೂವಿನ ಬುಟ್ಟಿಯಾಗಿ ಉಳಿದಿಲ್ಲ ಎಂಬುದು ನಿಮಗೂ ಗೊತ್ತು. ಆದ್ದರಿಂದ ನಾಳೆಯಿಂದಲೇ ನಡೆಯಲು ಶುರು ಮಾಡಿ.

ನಿಮ್ಮ ಸೋದರ ಸೊಸೆ,
ಗೋದಾ


ಅರಸೀಕೆರೆ
3-12-1958

ಚಿ. ಗೋದಾಳಿಗೆ ಮಾಮನ ಆಶೀರ್ವಾದಗಳು. ಉಭಯಕುಶಲೋಪರಿ.

ನಿನ್ನ ಕಾಗದ ಓದಿ ನಿನ್ನ ಅತ್ತೆ ಮೂರು ದಿನ ನಕ್ಕಳು. ನಾಲ್ಕನೆಯ ದಿನ ಅವಳ ಬಾಯಿ ಮುಚ್ಚಿಸಲು ನಾನು ನಡೆಯಲು ಹೊರಟೆ. ಏನಾಯಿತು ಕೇಳು.

ಬೀದಿ ತಿರುಗಿದ ಕೂಡಲೇ ಎಲೆಅಡಿಕೆ ಅಂಗಡಿ ಮರುಳಪ್ಪ ಕೇಳಿದ, "ಏನ್ ಸ್ವಾಮಿ, ಎಲ್ಲಿಗ್ ಹೊಂಟ್ರಿ?"

"ಎಲ್ಲಿಗೂ ಇಲ್ಲಪ್ಪ" ಎಂದೆ.

"ಎಲ್ಲಿಗೂ ಇಲ್ದೆ ಯಾರಾನ ಹೋಯ್ತಾರಾ? ಮನೇಲೇನಾರ ಮಾತು ಬಂತಾ?"

ನಾನು ತಿರುಗಿ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ಪಕ್ಕದ ಮನೆ ರುದ್ರಮ್ಮ ನಿನ್ನ ಅತ್ತೆಯನ್ನು ಸಮಾಧಾನ ಮಾಡುತ್ತ ಕೂತಿದ್ದಳು. ಈಗ ನೀನೇ ಹೇಳು. ಮರ್ಯಾದಸ್ಥನಾದವನು ಆಫೀಸಿಗೆ ಹೋಗಬಹುದು, ದೇವಸ್ಥಾನಕ್ಕೆ ಹೋಗಬಹುದು, ಯಾರಾದರೂ ತೀರಿಕೊಂಡರೆ ಮಾತಾಡಿಸಲು ಹೋಗಬಹುದು. ಸುಮ್ಮನೆ ಕಾಲು ಬೀಸಿಕೊಂಡು ಹೋಗುವವನಿಗೆ ಈ ಊರಿನಲ್ಲಿ ಏನು ಹೆಸರು? ತಾಲ್ಲೂಕು ಕಚೇರಿಯ ಹೆಡ್ ಗುಮಾಸ್ತ ಹಾಗೆ ಅಲೆದರೆ ಆಗುತ್ತದೆಯೇ? ಆಫೀಸಿನಲ್ಲಂತೂ ಕುರ್ಚಿಯೇ ನನ್ನನ್ನು ಹಿಡಿದುಕೊಂಡಿದೆ. ಬೇಕಾದ ಕಾಗದವನ್ನು ಜವಾನ ತಂದುಕೊಡುತ್ತಾನೆ, ಕಾಫಿಯನ್ನೂ ತಂದುಕೊಡುತ್ತಾನೆ.

ನೀನು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮ ತಾತ ಐವತ್ತು ದಾಟಲಿಲ್ಲ, ನಮ್ಮ ಅಪ್ಪನೂ ದಾಟಲಿಲ್ಲ. ಇಬ್ಬರೂ ಕೂತಲ್ಲೇ ಎದೆ ಹಿಡಿದುಕೊಂಡು ಹೋದವರು. ಅದು ನಮ್ಮ ಮನೆತನದ ಪದ್ಧತಿ. ನನಗೆ ಬರುವ ಆಶ್ವಯುಜಕ್ಕೆ ಐವತ್ತು ತುಂಬುತ್ತದೆ. ನಿನ್ನ ಮದುವೆ ವೈಶಾಖದಲ್ಲಿ ತಾನೇ? ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ.

ನಿನ್ನ ಮಾಮ,
ಸಂಪತ್ಕುಮಾರ


ಬೇಲೂರು
12-12-1958

ಮಾಮನವರಿಗೆ ನಮಸ್ಕಾರ.

ನಿಮ್ಮ ಕಾಗದದ ಕೊನೆಯ ಮಾತಿಗೆ ನಾನು ನಗಲಿಲ್ಲ. ಅಮ್ಮ ಅದನ್ನು ಓದಿ ದೇವರ ಮನೆಗೆ ಹೋಗಿ ಕೂತರು. ಅವರಿಗಿರುವುದು ನೀವೊಬ್ಬರೇ ಅಣ್ಣ. ಇನ್ನು ಮೇಲೆ ಅಂಥ ತಮಾಷೆ ಬರೆದರೆ ನಾನು ಕಾಗದವನ್ನೇ ಬರೆಯುವುದಿಲ್ಲ.

ನಿಮಗೆ ಬೇಕಾದದ್ದು ನಡೆಯಲು ಒಂದು ಕೆಲಸ ತಾನೇ? ಕೆಲಸ ನಾನು ಕೊಡುತ್ತೇನೆ. ನಾಳೆ ಮೇಷ್ಟ್ರು ಚನ್ನಪ್ಪನವರ ಮನೆಗೆ ಹೋಗಿ, ಅವರ ಮಗಳು ನನ್ನ ಕಸೂತಿ ಪುಸ್ತಕ ಇಟ್ಟುಕೊಂಡಿದ್ದಾಳೆಯೇ ಎಂದು ಕೇಳಿ. ಮಾರನೆಯ ದಿನ ಪೇಟೆಯ ಆ ತುದಿಯ ಮುದ್ದಮ್ಮನವರಲ್ಲಿ ಸಂಡಿಗೆಗೆ ಬೂದುಗುಂಬಳ ಸಿಗುತ್ತದೆಯೇ ವಿಚಾರಿಸಿ. ಆಮೇಲೆ ಸ್ಟೇಷನ್ನಿನ ಹತ್ತಿರದ ನನ್ನ ಗೆಳತಿ ಕಮಲಳ ಮನೆಗೆ ಹೋಗಿ ಅವಳ ಮಗುವಿಗೆ ಹಲ್ಲು ಬಂತೇ ನೋಡಿ ಬನ್ನಿ. ಹೀಗೆ ದಿನಕ್ಕೊಂದು ಮನೆ. ಜಟಕಾ ಕೂಡದು. ಯಾರು ಎಲ್ಲಿಗೆ ಎಂದರೂ ನಿಮ್ಮ ಹತ್ತಿರ ಉತ್ತರ ಇರುತ್ತದೆ.

ಗೋದಾ


ಅರಸೀಕೆರೆ
12-1-1959

ಚಿ. ಗೋದಾಳಿಗೆ ಆಶೀರ್ವಾದಗಳು.

ನಿನ್ನ ಅಪ್ಪಣೆಯಂತೆ ತಿಂಗಳು ಪೂರ್ತಿ ನಡೆದೆ. ಕಸೂತಿ ಪುಸ್ತಕ ಸಿಕ್ಕಿತು, ಬೂದುಗುಂಬಳ ಅಟ್ಟ ಸೇರಿತು, ಕಮಲಳ ಮಗುವಿಗೆ ಹಲ್ಲು ಬಂದು ನನ್ನ ಬೆರಳನ್ನೇ ಕಚ್ಚಿತು. ಇಷ್ಟೆಲ್ಲ ಆದಮೇಲೆ ನಿನ್ನೆ ಡಾಕ್ಟರ ಬಳಿ ತೂಕ ನೋಡಿಸಿಕೊಂಡರೆ ಮೊದಲಿಗಿಂತ ಹೆಚ್ಚಾಗಿದೆ!

ಡಾಕ್ಟರು ತಲೆ ಕೆರೆದುಕೊಂಡರು. "ನಿಜವಾಗಿ ನಡೀತಾ ಇದೀರಾ ಅಯ್ಯಂಗಾರ್ರೇ?" ಎಂದರು. ಆಣೆ ಮಾಡಿದೆ. "ಎಲ್ಲಿಗೆ ನಡೀತೀರಿ?" ಎಂದರು. ಹೇಳಿದೆ. "ಹೋದ ಮನೇಲಿ ಏನು ಕೊಡ್ತಾರೆ?" ಎಂದರು.

ಏನು ಕೊಡುತ್ತಾರೆ ಎಂದರೆ ಏನು ಹೇಳಲಿ? ನಮ್ಮ ಊರಿನಲ್ಲಿ ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುತ್ತಾರೆಯೇ? ಚನ್ನಪ್ಪನವರ ಮನೆಯಲ್ಲಿ ರವೆ ಉಂಡೆ. ಮುದ್ದಮ್ಮನವರಲ್ಲಿ ಕೋಡುಬಳೆ, ಮೇಲೆ ಗಟ್ಟಿ ಹಾಲಿನ ಕಾಫಿ. ಬೇಡ ಎಂದರೆ ಆಕೆಯ ಮುಖ ಸಣ್ಣದಾಗುತ್ತದೆ. ಇನ್ನು ಧನುರ್ಮಾಸದ ಬೆಳಿಗ್ಗೆ ದೇವಸ್ಥಾನಕ್ಕೆ ನಡೆದರೆ ಬಿಸಿ ಹುಗ್ಗಿ, ತುಪ್ಪ ಸೋರುವ ಪ್ರಸಾದ. ಅದನ್ನು ಒಲ್ಲೆ ಎನ್ನಲು ನನಗೆ ಧೈರ್ಯವಿಲ್ಲ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಇನ್ನೊಂದು ಅವಾಂತರವೂ ಆಯಿತು. ತಾಲ್ಲೂಕು ಕಚೇರಿಯವನು ದಿನಾ ಒಂದೊಂದು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತ, ಏದುಸಿರು ಬಂದಾಗಲೆಲ್ಲ ನಿಂತು ಮನೆಗಳ ಕಡೆ ನೋಡುತ್ತಾನೆ. ಜನ ಏನು ತಿಳಿಯಬೇಕು? ಒತ್ತುವರಿ ಅಳೆಯಲು ಬಂದಿದ್ದಾರೆ ಎಂದು ಪುಕಾರು ಹಬ್ಬಿತು. ಮರುಳಪ್ಪ ಅಂಗಡಿಯ ಮುಂದೆ ಇಳಿಬಿಟ್ಟಿದ್ದ ಚಪ್ಪರವನ್ನು ಒಳಕ್ಕೆ ಎಳೆದುಕೊಂಡ. ರುದ್ರಮ್ಮ ಬೀದಿಗೆ ಚಾಚಿದ್ದ ಕಟ್ಟಿಗೆ ಒಟ್ಟಿಲನ್ನು ಹಿತ್ತಿಲಿಗೆ ಸಾಗಿಸಿದಳು. ನಮ್ಮ ಬೀದಿ ಈಗ ಎಷ್ಟು ಅಗಲವಾಗಿದೆ ಎಂದರೆ ಎರಡು ಗಾಡಿ ಸಲೀಸಾಗಿ ಹೋಗುತ್ತವೆ. ಅಮಲ್ದಾರರು ನನ್ನನ್ನು ಕರೆದು "ನಿಮಗೆ ಯಾರು ಈ ಕೆಲಸ ಹೇಳಿದರು?" ಎಂದರು. ನನ್ನ ಸೋದರ ಸೊಸೆ ಎಂದು ಹೇಳಲಾಗಲಿಲ್ಲ.

ಮಾಮ


ಬೇಲೂರು
20-1-1959

ಮಾಮನವರಿಗೆ ನಮಸ್ಕಾರ.

ತಪ್ಪು ನನ್ನದೇ. ಅರಸೀಕೆರೆಯ ಆದರವನ್ನು ಮರೆತುಬಿಟ್ಟೆ.

ಇನ್ನು ಮನೆಗಳು ಬೇಡ. ಕೆರೆಯ ಏರಿಗೆ ಹೋಗಿ. ಅಲ್ಲಿ ಕಾಫಿ ಕೊಡುವವರಿಲ್ಲ, ಒತ್ತುವರಿ ಮಾಡಿದವರೂ ಇಲ್ಲ. ಮೊದಲ ದಿನವೇ ಏರಿಯುದ್ದಕ್ಕೂ ಹೋಗಿ ಶೌರ್ಯ ತೋರಿಸಬೇಡಿ. ಡಾಕ್ಟರು ಹೇಳಿದ್ದನ್ನು ಅತ್ತೆ ಬರೆದಿದ್ದಾರೆ: ನಡೆಯುವಾಗ ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿದಿರಬೇಕಂತೆ. ಮಾತಿಲ್ಲದೆ ನಿಮಗೆ ಇರಲಾಗುವುದಿಲ್ಲ, ಹಾಗಾಗಿ ಅಳತೆ ಸುಲಭ. ದಿನಾ ಹೋಗಬೇಕು, ಅದೇ ಮುಖ್ಯವಂತೆ. ಕಾಫಿಗೆ ಸಕ್ಕರೆ ಹಾಕಬಾರದೆಂದು ಅತ್ತೆಗೆ ಬೇರೆ ಬರೆದಿದ್ದೇನೆ.

ಮರುಳಪ್ಪ ಎಲ್ಲಿಗೆ ಎಂದು ಕೇಳಿದರೆ ಏನು ಹೇಳುತ್ತೀರಿ ಎಂಬುದನ್ನು ಮಾತ್ರ ನೀವೇ ಯೋಚಿಸಿಕೊಳ್ಳಿ. ನನಗೆ ನಿಮ್ಮ ಮರ್ಯಾದೆಗಿಂತ ನೀವು ಬೇಕು.

ಗೋದಾ


ಅರಸೀಕೆರೆ
9-3-1959

ಚಿ. ಗೋದಾಳಿಗೆ ಆಶೀರ್ವಾದಗಳು.

ಬಹಳ ದಿನ ಬರೆಯಲಿಲ್ಲವೆಂದು ಕೋಪಿಸಿಕೊಳ್ಳಬೇಡ. ಬರೆಯುವಂಥದ್ದು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ.

ಮೊದಮೊದಲು ಕೆರೆಯ ತೂಬಿನ ತನಕ ಹೋಗುವುದರಲ್ಲೇ ಕಾಲು ಸೋತುಹೋಗುತ್ತಿತ್ತು. ತೂಬಿನ ಕಲ್ಲಿನ ಮೇಲೆ ಕೂತು ನಿನ್ನನ್ನು ಮನಸಾರೆ ಬೈಯುತ್ತಿದ್ದೆ. ಒಂದು ದಿನ ಕೂರುವುದನ್ನು ಮರೆತು ಮುಂದೆ ಹೋಗಿಬಿಟ್ಟಿದ್ದೆ. ಈಗ ಕೋಡಿಯ ತನಕ ಹೋಗಿ ಬರುತ್ತೇನೆ, ಬೆಳಿಗ್ಗೆಯೂ ಸಂಜೆಯೂ. ಬೆಳಗಿನ ಹೊತ್ತು ನೀರಿನ ಮೇಲೆ ಮಂಜು ಇರುತ್ತದೆ, ನೀರುಕೋಳಿಗಳು ಇರುತ್ತವೆ. ಇಷ್ಟು ವರ್ಷ ಈ ಊರಿನಲ್ಲಿದ್ದು ಈ ಕೆರೆಯನ್ನು ನಾನು ಕಡತದಲ್ಲಿ ಮಾತ್ರ ನೋಡಿದ್ದೆ.

ರಾತ್ರಿ ಮಲಗಿದರೆ ಬೆಳಗಾಗುವುದೇ ಗೊತ್ತಾಗುವುದಿಲ್ಲ. ಪಾದದ ಊತ ಇಳಿದಿದೆ. ಮದುವೆಯ ಉಂಗುರ ಬೆರಳಿನಿಂದ ಜಾರುತ್ತಿದೆ ಎಂದು ನಿನ್ನ ಅತ್ತೆ ಅದಕ್ಕೆ ದಾರ ಸುತ್ತಿಕೊಟ್ಟಳು. ಮೂತ್ರ ಪರೀಕ್ಷೆ ಮಾಡಿ ಡಾಕ್ಟರು "ಸಕ್ಕರೆ ಹತೋಟಿಗೆ ಬಂತು, ನಿಲ್ಲಿಸ್ಬೇಡಿ" ಎಂದರು.

ಮೊನ್ನೆ ಶನಿವಾರ ಮಾಲೇಕಲ್ಲು ತಿರುಪತಿಗೆ ಹೋಗಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಹತ್ತು ವರ್ಷದಿಂದ ನಾನು ಕೆಳಗಿನ ದೇವರಿಗೇ ಕೈ ಮುಗಿದು, ಮೇಲಿನ ದೇವರಿಗೆ ನಿನ್ನ ಅತ್ತೆಯ ಕೈಲಿ ಹೇಳಿಕಳಿಸುತ್ತಿದ್ದವನು. ಈ ಸಲ ಅಲ್ಲಲ್ಲಿ ನಿಂತು, ಮಾತಾಡುತ್ತ, ಮೇಲಕ್ಕೇ ಹೋದೆ. ವೆಂಕಟರಮಣನನ್ನು ಎದುರಿಗೆ ಕಂಡಾಗ ಕಣ್ಣು ತುಂಬಿ ಬಂತು. ಏದುಸಿರು ಬಿಡುತ್ತ ಕೂತಿದ್ದ ನಿನ್ನ ಅತ್ತೆಗೆ ನಾನೇ ಉತ್ತರೀಯದಲ್ಲಿ ಗಾಳಿ ಹಾಕಿದೆ. ಅವಳಿಗೂ ಏರಿಗೆ ಬಾ ಎಂದು ಹೇಳಿದ್ದೇನೆ.

ಭಾರ ಎತ್ತುವ ವಿಷಯದಲ್ಲಿ ಡಾಕ್ಟರು ಏನೋ ಒಂದು ಮಾತು ಹೇಳಿದರು. ಅದಿರಲಿ. ನೀನು ಸೀರೆ ಆರಿಸಿದೆಯಾ?

ಮಾಮ


ಅರಸೀಕೆರೆ
4-4-1959

ಚಿ. ಗೋದಾಳಿಗೆ ಕನಕಲಕ್ಷ್ಮಿ ಅತ್ತೆಯ ಆಶೀರ್ವಾದ.

ಇದನ್ನು ಬರೆಯುತ್ತಿರುವುದು ನಿಮ್ಮ ಮಾಮನಿಗೆ ಗೊತ್ತಿಲ್ಲ. ಅವರು ಏರಿಗೆ ಹೋಗಿದ್ದಾರೆ.

ಡಾಕ್ಟರು ನನ್ನ ಎದುರಿಗೇ ಹೇಳಿದರು ಕಣೇ. ನಡೆದರೆ ರಕ್ತ ಹದವಾಗಿ ಓಡುತ್ತದೆ, ಅದು ಒಳ್ಳೆಯದು, ಎಷ್ಟು ದಿನ ಬೇಕಾದರೂ ನಡೆಯಲಿ. ಆದರೆ ಇವರ ಒತ್ತಡ ಇನ್ನೂ ಪೂರ್ತಿ ಇಳಿದಿಲ್ಲ. ಉಸಿರು ಬಿಗಿ ಹಿಡಿದು ದೊಡ್ಡ ಭಾರ ಎತ್ತಿದರೆ ಅದು ಒಮ್ಮೆಗೇ ಏರುತ್ತದೆ, ಎದೆಗೆ ಅಪಾಯ, ಎತ್ತಲೇಬಾರದು ಎಂದರು. ಇವರು "ಒಂದೇ ಸಲ ಡಾಕ್ಟ್ರೇ, ಒಂದೇ ನಿಮಿಷ" ಎಂದರು. "ಅಷ್ಟು ಸಾಕು" ಎಂದರು ಅವರು.

ಮನೆಗೆ ಬಂದು ಎರಡು ದಿನ ಅರ್ಧ ಊಟಕ್ಕೇ ಎದ್ದುಬಿಟ್ಟರು. ಆಮೇಲೆ ನೋಡುತ್ತೇನೆ, ಕೋಣೆಯ ಬಾಗಿಲು ಹಾಕಿಕೊಂಡು ಅಕ್ಕಿ ಮೂಟೆ ಎತ್ತುವ ಅಭ್ಯಾಸ ಮಾಡುತ್ತಿದ್ದಾರೆ. ಮೊನ್ನೆ ಎತ್ತಿ ಇಳಿಸಿದವರು ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದರು. ಕೇಳಿದರೆ "ಮಗುವಿಗೆ ಮಾತು ಕೊಟ್ಟಿದೀನಿ ಕಣೇ, ಎಲ್ಲರ ಮುಂದೆ ಹೇಗೆ ಆಗೋದಿಲ್ಲ ಅನ್ನಲಿ" ಎನ್ನುತ್ತಾರೆ.

ನಮಗೆ ಮಕ್ಕಳಿಲ್ಲ. ನಿನ್ನನ್ನು ಎತ್ತಿಕೊಂಡು ಬರುವುದು ಅವರಿಗೆ ಎಷ್ಟು ದೊಡ್ಡ ಆಸೆ ಎಂದು ನಾನು ಬಲ್ಲೆ. ಆದರೆ ನನಗೆ ಭಯವಾಗುತ್ತದೆ. ನನ್ನ ಮಾತು ಕೇಳುವುದಿಲ್ಲ. ನಿನ್ನ ಮಾತು ಕೇಳಿಯೇ ತಾನೇ ಅವರು ನಡೆದದ್ದು?

ನಿನ್ನ ಅತ್ತೆ


ಬೇಲೂರು
14-4-1959

ಮಾಮನವರಿಗೆ ನಮಸ್ಕಾರ.

ಮದುವೆಯಲ್ಲಿ ನೀವು ನನ್ನನ್ನು ಎತ್ತಬಾರದು.

ಯಾರು ಹೇಳಿದರು ಎಂದು ಕೇಳಬೇಡಿ. ನಿಮ್ಮ ಕಾಗದದಲ್ಲಿ ನೀವೇ "ಅದಿರಲಿ" ಎಂದು ಬರೆದಿದ್ದೀರಿ. ನೀವು "ಅದಿರಲಿ" ಎಂದದ್ದೆಲ್ಲ ನಾನು ಕೇಳಲೇಬೇಕಾದ ವಿಷಯ ಎಂದು ನಿಮ್ಮ ಮನೆಯಲ್ಲಿ ಮೂರು ವರ್ಷ ಇದ್ದು ಕಲಿತಿದ್ದೇನೆ. ಶಾಸ್ತ್ರ ಮುರಿದುಬಿತ್ತು ಎಂದು ಯಾರಾದರೂ ಅಂದರೆ ಅನ್ನಲಿ. ನನ್ನ ಮದುವೆಯ ದಿನ ನಿಮಗೆ ಏನಾದರೂ ಆದರೆ ಆ ಮಾಲೆಯನ್ನು ನಾನು ಹೇಗೆ ಹಾಕಲಿ?

ಗೋದಾ


ಅರಸೀಕೆರೆ
22-4-1959

ಚಿ. ಗೋದಾಳಿಗೆ ಆಶೀರ್ವಾದ. ನಿನ್ನ ಕಾಗದ ತಲುಪಿತು. ನಿನ್ನ ಅತ್ತೆ ಹಪ್ಪಳ ಒತ್ತುತ್ತಿದ್ದಾಳೆ. ಮದುವೆಗೆ ನಾಲ್ಕು ದಿನ ಮುಂಚೆ ಬರುತ್ತೇವೆ.

ಮಾಮ


ಅರಸೀಕೆರೆ
14-6-1959

ಚಿ. ಸೌ. ಗೋದಾಳಿಗೂ ಚಿ. ರಾಮಾನುಜನಿಗೂ ಮಾಮನ ಆಶೀರ್ವಾದಗಳು.

ಹಳೇಬೀಡಿನ ಹೊಸ ಮನೆ ಒಗ್ಗಿತೇ? ಅಳಿಯಂದಿರು ಪಾಠ ಮಾಡಲು ಸ್ಕೂಲಿಗೆ ಹೋದಮೇಲೆ ಹೊತ್ತು ಹೋಗುವುದು ಕಷ್ಟವೆಂದು ಬರೆದಿದ್ದೀಯೆ. ಅದಕ್ಕೇ ಉದ್ದ ಕಾಗದ ಬರೆಯುತ್ತಿದ್ದೇನೆ.

ಒಂದು ವಿಷಯ ಹೇಳಿಬಿಡುತ್ತೇನೆ. ಎತ್ತಬೇಡಿ ಎಂದು ನೀನು ಬರೆದಾಗ ನನಗೆ ಬಹಳ ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ, ನೀನು ಏನೇ ಬರೆದರೂ ಸರಿ, ಎತ್ತಿಯೇ ಎತ್ತುತ್ತೇನೆ ಎಂದು ನಿರ್ಧಾರ ಮಾಡಿಕೊಂಡೇ ಬೇಲೂರಿಗೆ ಬಂದೆ. ಓಲಗ ಜೋರಾಯಿತು. ಆ ಕಡೆ ಅಳಿಯಂದಿರನ್ನು ಅವರ ಸೋದರಮಾವ ಹೆಗಲ ಮೇಲೆ ಎತ್ತಿಕೊಂಡಾಗಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಉತ್ತರೀಯ ಬಿಗಿದು ಬಗ್ಗಿದೆ.

ನೀನು ನನ್ನ ಮಣಿಕಟ್ಟು ಹಿಡಿದೆ. ಬಳೆಯೆಲ್ಲ ಒತ್ತುವಷ್ಟು ಗಟ್ಟಿಯಾಗಿ. ಹಿಡಿದುಕೊಂಡೇ ಎದ್ದು ನಿಂತು, "ಮಾಮ, ನಡೀರಿ" ಎಂದೆ.

ನಿಮ್ಮ ಅಪ್ಪನ ಚಿಕ್ಕಮ್ಮ ಕಮಲಾಕ್ಷಮ್ಮನವರು "ಅಯ್ಯೋ, ಹೆಣ್ಣು ನೆಲದ ಮೇಲೆ ನಡ್ಕೊಂಡು ಬರೋದೇನೇ!" ಎಂದು ಕೂಗಿದ್ದು ಓಲಗದ ಮೇಲೂ ಕೇಳಿಸಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ನಿನ್ನ ಗಂಡ ತನ್ನ ಸೋದರಮಾವನ ಹೆಗಲ ಮೇಲಿನಿಂದ "ಮಾಮ, ನನ್ನನ್ನೂ ಇಳಿಸಿ" ಎಂದ. ಇಳಿದು, ಚಪ್ಪರದ ಆ ತುದಿಯಿಂದ ಅವನೂ ನಡೆದು ಬಂದ. ಕಮಲಾಕ್ಷಮ್ಮನವರು ಬಾಯಿ ಮುಚ್ಚಿಕೊಂಡರು. ಗೋದಾ, ನಿನಗೆ ಒಳ್ಳೆಯ ಹುಡುಗ ಸಿಕ್ಕಿದ್ದಾನೆ.

ನಿನ್ನ ಕೈ ಹಿಡಿದು ನಡೆದ ಆ ಸ್ವಲ್ಪ ದೂರ ನನಗೆ ಚೆನ್ನಾಗಿ ನೆನಪಿದೆ. ಏದುಸಿರಿಲ್ಲ, ಎದೆ ಭಾರವಿಲ್ಲ. ಎತ್ತಿಕೊಂಡಿದ್ದರೆ ನಿನ್ನ ಮುಖ ನನಗೆ ಕಾಣುತ್ತಿರಲಿಲ್ಲ. ನೀನು ಅಳುತ್ತಿದ್ದೆ, ನಾನೂ ಅಳುತ್ತಿದ್ದೆ. ಆದರೆ ಇಬ್ಬರ ಹೆಜ್ಜೆಯೂ ಸರಿಯಾಗಿತ್ತು.

ಊರಿಗೆ ಬಂದಮೇಲೆ, ಮದುವೆಯೂ ಮುಗಿಯಿತು, ಇನ್ನು ಯಾರಿಗಾಗಿ ನಡೆಯಬೇಕು ಎಂದು ಬೆಳಿಗ್ಗೆ ಹೊದ್ದು ಮಲಗಿದೆ. ಎರಡನೆಯ ದಿನ ಮರುಳಪ್ಪ ಬಾಗಿಲಿಗೇ ಬಂದ. "ಯಾಕ್ ಸ್ವಾಮಿ, ಕಾಣ್ಲೇ ಇಲ್ವಲ್ಲ? ಮೈ ಉಸಾರಾಗೈತಾ? ನೀವು ಹೋಗೋದ್ ನೋಡೇ ನಾನ್ ಅಂಗಡಿ ಬಾಗ್ಲು ತೆಗೆಯೋದು" ಎಂದ. ನಿನ್ನ ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. ಎದ್ದು ಹೊರಟೆ.

ನಿನ್ನ ಮಾಮ,
ಸಂಪತ್ಕುಮಾರ


ಹಳೇಬೀಡು
26-10-1959

ಪ್ರೀತಿಯ ಮಾಮನವರಿಗೆ ಗೋದಾ ಮಾಡುವ ನಮಸ್ಕಾರಗಳು.

ನೀವು ಸುಖವಾಗಿ ಊರು ತಲುಪಿದ ಕಾರ್ಡು ಬಂತು. ದೀಪಾವಳಿಗೆ ನಾವಿಬ್ಬರೂ ಮೊದಲು ಬೇಲೂರಿಗೆ, ಆಮೇಲೆ ನಿಮ್ಮಲ್ಲಿಗೆ ಖಂಡಿತ ಬರುತ್ತೇವೆ. ನೀವು ಇಲ್ಲಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಅವತ್ತು ಹಾಸನದ ಬಸ್ಸು ಮೈಲಿಗಳಾಚೆ ಮಾದಿಹಳ್ಳಿಯ ಹತ್ತಿರ ಕೆಟ್ಟು ನಿಂತಿದೆ ಎಂದು ಮಧ್ಯಾಹ್ನವೇ ಸುದ್ದಿ ಬಂದಿತ್ತು. ಇಲ್ಲಿ ನಮ್ಮ ಅತ್ತೆಯವರು "ಹಬ್ಬಕ್ಕೆ ಕರೆಯೋಕೆ ಅಂತ ಬರ್ತಿದ್ದ ನಿಮ್ಮ ಮಾಮ ಇನ್ನೆಲ್ಲಿ ಬರ್ತಾರೆ, ಎಲೆ ಎತ್ತಿಡು" ಎಂದರು. ನಾನು ಎತ್ತಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಜಗಲಿಗೆ ಬಂದು ನೋಡಿದರೆ, ಬೀದಿಯ ಆ ತುದಿಯಲ್ಲಿ ಕೊಡೆ ಹಿಡಿದು ಒಬ್ಬರು ಬರುತ್ತಿದ್ದರು. ಯಾರ ಜಗಲಿಯ ಮೇಲೂ ಕೂರಲಿಲ್ಲ. ಹತ್ತಿರ ಬಂದಮೇಲೆ ಮೊದಲು ನಾನು ನೋಡಿದ್ದು ನಿಮ್ಮ ಉಸಿರನ್ನು. ನೀವು "ಒಂದು ಲೋಟ ನೀರು ಕೊಡಮ್ಮ, ಮಾದಿಹಳ್ಳಿಯಿಂದ ನಡೆದೇ ಬಂದೆ" ಎಂದಿರಿ, ಪಕ್ಕದ ಬೀದಿಯಿಂದ ಬಂದವರ ಹಾಗೆ.

ನೀರು ತರಲು ಒಳಗೆ ಹೋದವಳು ಅಲ್ಲೇ ಅಳುತ್ತ ನಿಂತೆ. ಅತ್ತೆಯವರು ಗಾಬರಿಯಾಗಿ "ಏನಾಯ್ತೇ?" ಎಂದರು. "ನಮ್ಮ ಮಾಮ ನಡ್ಕೊಂಡು ಬಂದ್ರು" ಎಂದೆ. "ಅದಕ್ಕೆ ಅಳ್ತಾರೇನೇ?" ಎಂದರು. ಅವರಿಗೆ ಏನು ಗೊತ್ತು? ಹಿಂದಿನ ವಾರವಷ್ಟೇ ನಿಮಗೆ ಐವತ್ತು ತುಂಬಿತ್ತು. ಆ ದಿನ ಪೂರ್ತಿ ನಾನು ಪೋಸ್ಟ್‌ಮ್ಯಾನ್ ತಂತಿ ಹಿಡಿದು ನಮ್ಮ ಮನೆಗೆ ಬಾರದಿರಲಿ ಎಂದು ಬೇಡಿಕೊಂಡಿದ್ದೆ.

ಇನ್ನೊಂದು ಮಾತು. ಮಾರನೆಯ ಬೆಳಿಗ್ಗೆ ನೀವು ಬೇಗ ಎದ್ದು ಹೊರಟಾಗ ನಾನು ಬಾಗಿಲ ಹಿಂದೆ ಇದ್ದೆ, ನಿಮಗೆ ಕಾಣಲಿಲ್ಲ. ಎದುರುಮನೆ ಬೋರಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಕೇಳಿದಳು, "ಎಲ್ಲಿಗ್ ಹೊಂಟ್ರಿ ಸ್ವಾಮಿ, ಇಷ್ಟೊತ್ಗೇ?"

ನೀವು ಏನು ಹೇಳುತ್ತೀರೋ ಎಂದು ನಾನು ಉಸಿರು ಹಿಡಿದು ನಿಂತೆ. "ಎಲ್ಲಿಗೂ ಇಲ್ಲಮ್ಮ. ಸುಮ್ನೆ ನಡೆಯೋಕೆ" ಎಂದಿರಿ. ಹೇಳಿ ಕೊಡೆ ಬೀಸಿಕೊಂಡು ಹೊರಟೇಬಿಟ್ಟಿರಿ.

ನಾನು ಯಾಕೆ ಓಡೋಡಿ ಬಂದು ನಿಮ್ಮ ಜೊತೆ ಸೇರಿದೆ ಎಂದು ನೀವು ಕೆರೆಯ ಹತ್ತಿರ ಕೇಳಿದಿರಿ. ಇದಕ್ಕೇ ಮಾಮ. ದಾರಿಯಲ್ಲಿ ಬೋರಮ್ಮ ನನ್ನನ್ನೂ ಕೇಳಿದಳು, "ನೀನೆಲ್ಲಿಗವ್ವಾ?" ಎಂದು. "ನಮ್ಮ ಮಾಮನ ಜೊತೆ" ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ನಿಮ್ಮ
ಗೋದಾ